ಕಾನೂನು ಕಟ್ಟಿಕೊಟ್ಟ ಮೌನ

1949ರ ಡಿಸೆಂಬರ್ 17ರಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಒಂದು ವಿಚಿತ್ರ ಆದೇಶಕ್ಕೆ ಸಹಿ ಹಾಕಿದರು. ಮಿನೆಸೋಟ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿಗೆ ಅಂಟಿಕೊಂಡಿರುವ ಕಾಡುಸರೋವರಗಳ ಮೇಲೆ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ಖಾಸಗಿ ವಿಮಾನ ಹಾರಕೂಡದು ಎಂಬುದು ಅದರ ಸಾರ. ಅಲ್ಲಿ ಸೇನಾನೆಲೆ ಇರಲಿಲ್ಲ, ಅಣುಸ್ಥಾವರವೂ ಇರಲಿಲ್ಲ. ಇದ್ದದ್ದು ನೀರು, ಬಂಡೆ, ಪೈನ್ ಮರ ಮತ್ತು ದೋಣಿಯಲ್ಲಿ ಬಂದು ಗುಡಾರ ಹಾಕುವ ಒಂದಿಷ್ಟು ಜನ. ಕಾಡಿನ ನೆಲಕ್ಕೆ ಬೇಲಿ ಹಾಕುವುದು ಆ ಕಾಲಕ್ಕೆ ಹೊಸದೇನಲ್ಲ. ಕಾಡಿನ ಮೇಲಿನ ಆಕಾಶಕ್ಕೆ ಬೇಲಿ ಹಾಕಿದ್ದು ಮಾತ್ರ ಆವರೆಗೆ ಯಾರೂ ಕೇಳದ ಸಂಗತಿಯಾಗಿತ್ತು.

ಬೌಂಡರಿ ವಾಟರ್ಸ್ ಎಂದು ಕರೆಯುವ ಈ ಪ್ರದೇಶದ ವಿಸ್ತಾರ ಸುಮಾರು 11 ಲಕ್ಷ ಎಕರೆ. ಹಿಮಯುಗದ ನೀರ್ಗಲ್ಲುಗಳು ಹಳೆಯ ಬಂಡೆಯನ್ನು ಕೆತ್ತಿ ಬಿಟ್ಟುಹೋದ ಸಾವಿರಕ್ಕೂ ಹೆಚ್ಚು ಸರೋವರಗಳು ಇಲ್ಲಿವೆ. ಗಡಿಯ ಆಚೆಗೆ, ಕೆನಡಾದ ಕ್ವೆಟಿಕೊ ಪಾರ್ಕಿನಲ್ಲೂ ಇದೇ ನೀರು, ಇದೇ ಕಾಡು. ಒಳಗೆ ರಸ್ತೆಯಿಲ್ಲ. ಒಂದು ಸರೋವರ ದಾಟಿದ ಮೇಲೆ ಮುಂದಿನದಕ್ಕೆ ದೋಣಿಯನ್ನೇ ಹೊತ್ತು ನಡೆಯಬೇಕು. ಈ ಕಾಲುದಾರಿಗಳಿಗೆ ಪೋರ್ಟೇಜ್ ಎನ್ನುತ್ತಾರೆ. ಇವುಗಳ ಉದ್ದವನ್ನು ಇವತ್ತಿಗೂ ಅಳೆಯುವುದು ರಾಡ್‌ಗಳ ಲೆಕ್ಕದಲ್ಲಿ. ಒಂದು ರಾಡ್ ಎಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ.

ದೋಣಿ ಹೊರುವುದಕ್ಕೂ ಒಂದು ಪಟ್ಟು ಬೇಕು. ಮಗುಚಿದ ದೋಣಿಯ ಅಡ್ಡಪಟ್ಟಿಯನ್ನು ಎರಡೂ ಹೆಗಲ ಮೇಲೆ ಕೂರಿಸಿಕೊಂಡರೆ ತಲೆ ಪೂರ್ತಿ ಒಳಗೆ ಹೋಗುತ್ತದೆ. ಕಾಣುವುದು ಮುಂದಿನ ನಾಲ್ಕು ಹೆಜ್ಜೆಯ ನೆಲ, ಅದರಲ್ಲಿನ ಬೇರು, ಕೆಸರು, ಕಲ್ಲು. ನಮ್ಮ ಉಸಿರು ನಮಗೇ ಜೋರಾಗಿ ಕೇಳುತ್ತದೆ. ಜೂನ್ ತಿಂಗಳಾದರೆ ಆ ನೆರಳು ಸೊಳ್ಳೆಗಳಿಗೂ ಬೇಕು. ಎರಡೂ ಕೈ ದೋಣಿ ಹಿಡಿದಿರುವುದರಿಂದ ಅವನ್ನು ಹೊಡೆಯುವ ಹಾಗಿಲ್ಲ. ಇಷ್ಟೆಲ್ಲ ಕಷ್ಟಪಟ್ಟು ತಲುಪುವ ತಂಗುದಾಣದಲ್ಲಿ ಇರುವುದಾದರೂ ಏನು? ನೀರಿಗೆ ಇಳಿಜಾರಾದ ಒಂದು ಬೋಳುಬಂಡೆ. ಕಲ್ಲುಗಳ ನಡುವೆ ನೆಟ್ಟ ಕಬ್ಬಿಣದ ಒಲೆಜಾಲರಿ. ಹಿಂದೆ ಕಾಡಿನೊಳಕ್ಕೆ ಒಂದು ಸಣ್ಣ ಜಾಡು, ಅದರ ಕೊನೆಯಲ್ಲಿ ಗೋಡೆ, ಬಾಗಿಲು, ಮಾಡು ಯಾವುದೂ ಇಲ್ಲದ ಒಂದು ಕಕ್ಕಸು ಪೀಠ. ಸರ್ಕಾರ ಒದಗಿಸುವ ಸೌಕರ್ಯ ಇಷ್ಟಕ್ಕೆ ಮುಗಿಯಿತು. ಇಂಥ ತಾಣಗಳು 2,000ಕ್ಕೂ ಹೆಚ್ಚಿವೆ.

ಪ್ರವಾಸಿ ಕೈಪಿಡಿಗಳು ಇದನ್ನು ಮನುಷ್ಯನ ಕೈ ಸೋಕದ ಕಾಡು ಎಂದು ಬಣ್ಣಿಸುತ್ತವೆ. ಆ ಮಾತನ್ನು ನಂಬಬೇಡಿ. ಓಜಿಬ್ವೆ ಜನ ಇಲ್ಲಿ ತಲೆಮಾರುಗಳಿಂದ ಕಾಡುಭತ್ತ ಕೊಯ್ದಿದ್ದಾರೆ. ಭೂರ್ಜ ತೊಗಟೆಯ ದೋಣಿಯೂ ಪೋರ್ಟೇಜ್ ದಾರಿಗಳೂ ಈ ಸೀಮೆಯ ಮೂಲನಿವಾಸಿಗಳ ಸೃಷ್ಟಿ. ಫ್ರೆಂಚ್ ತುಪ್ಪಳ ವ್ಯಾಪಾರಿಗಳು ಬಂದದ್ದು ಅದೇ ದಾರಿಯಲ್ಲಿ. 1842ರ ಒಪ್ಪಂದದಲ್ಲಿ ಬ್ರಿಟನ್ ಮತ್ತು ಅಮೆರಿಕ ಗಡಿರೇಖೆ ಎಳೆದದ್ದೂ ಆ ದೋಣಿದಾರಿಯ ಜಾಡು ಹಿಡಿದೇ. ಪೋರ್ಟೇಜ್‌ಗಳು ಎರಡೂ ದೇಶದ ಪ್ರಜೆಗಳಿಗೆ ಮುಕ್ತವಾಗಿರಬೇಕೆಂಬ ಮಾತೂ ಒಪ್ಪಂದದಲ್ಲಿ ಸೇರಿತು. ಆಮೇಲೆ ಮರದ ಕಂಪನಿಗಳು ಬಂದು ದೊಡ್ಡ ಪೈನ್‌ಗಳನ್ನು ಬೋಳಿಸತೊಡಗಿದವು. 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಸುಪೀರಿಯರ್ ರಾಷ್ಟ್ರೀಯ ಅರಣ್ಯವನ್ನು ಘೋಷಿಸುವ ಹೊತ್ತಿಗೆ ಇದು ಸದ್ದಿಲ್ಲದ ಸೀಮೆಯಾಗಿ ಉಳಿದಿರಲಿಲ್ಲ. ಇಂದಿನ ಮೌನವನ್ನು ಆಮೇಲೆ ಒಂದೊಂದೇ ಸದ್ದನ್ನು ಹೊರಹಾಕಿ ಕಟ್ಟಲಾಯಿತು. ಪ್ರತಿ ಸಲವೂ ಯಾರಾದರೊಬ್ಬರು ಅದಕ್ಕೆ ಬೆಲೆ ತೆತ್ತರು.

ಮೊದಲ ಜಟಾಪಟಿ ಅಣೆಕಟ್ಟಿನದು. ಗಡಿಯ ಇಂಟರ್‌ನ್ಯಾಷನಲ್ ಫಾಲ್ಸ್ ಪಟ್ಟಣದಲ್ಲಿ ಕಾಗದದ ಕಾರ್ಖಾನೆ ನಡೆಸುತ್ತಿದ್ದ ಉದ್ಯಮಿ ಎಡ್ವರ್ಡ್ ಬ್ಯಾಕಸ್ 1925ರಲ್ಲಿ ರೈನಿ ಲೇಕ್ ಜಲಾನಯನದುದ್ದಕ್ಕೂ ಸಾಲು ಅಣೆಕಟ್ಟುಗಳ ಯೋಜನೆ ಮುಂದಿಟ್ಟ. ವಿದ್ಯುತ್ ಬೇಕಿತ್ತು, ಮರ ಸಾಗಿಸಲು ನೀರೂ ಬೇಕಿತ್ತು. ಯೋಜನೆ ನಡೆದಿದ್ದರೆ ಕೆಲವು ಸರೋವರಗಳ ಮಟ್ಟ 80 ಅಡಿಯವರೆಗೆ ಏರಿ, ದಡ, ದ್ವೀಪ, ಜಲಪಾತಗಳೆಲ್ಲ ಮುಳುಗಡೆಯಾಗುತ್ತಿದ್ದವು.

ಎದುರು ನಿಂತವರು ಅದೇ ರೈನಿ ಲೇಕ್‌ನ ಪುಟ್ಟ ದ್ವೀಪವೊಂದರಲ್ಲಿ ಪುಸ್ತಕಗಳ ಜೊತೆ ಬದುಕಿದ ಅರ್ನೆಸ್ಟ್ ಓಬರ್‌ಹೋಲ್ಟ್ಸರ್. ಐಯೊವಾದ ಹುಡುಗ, ಹಾರ್ವರ್ಡ್‌ನಲ್ಲಿ ಓದಿದವರು. ಬಾಲ್ಯದ ಜ್ವರದಿಂದ ಹೃದಯ ದುರ್ಬಲವಾಗಿತ್ತು, ಹೆಚ್ಚು ದಿನ ಬದುಕಲಾರೆ ಎಂದು ವೈದ್ಯರು ಹೇಳಿದ್ದರಂತೆ. ಹಾಗಿದ್ದರೆ ಉಳಿದ ದಿನ ದೋಣಿಯಲ್ಲೇ ಕಳೆಯೋಣ ಎಂದು ಉತ್ತರಕ್ಕೆ ಬಂದವರು, 1912ರಲ್ಲಿ ಬಿಲಿ ಮ್ಯಾಗೀ ಎಂಬ ಓಜಿಬ್ವೆ ಗೆಳೆಯನೊಂದಿಗೆ ಹಡ್ಸನ್ ಕೊಲ್ಲಿಯವರೆಗೆ ಹುಟ್ಟುಹಾಕಿಕೊಂಡು ಹೋದರು. ವೈದ್ಯರ ಮಾತು ಸುಳ್ಳಾಯಿತು. ಅವರು ತೀರಿಕೊಂಡದ್ದು 1977ರಲ್ಲಿ, 93ನೆಯ ವಯಸ್ಸಿಗೆ.

ಬ್ಯಾಕಸ್ ಬಳಿ ದುಡ್ಡಿತ್ತು, ವಕೀಲರಿದ್ದರು. ಓಬರ್‌ಹೋಲ್ಟ್ಸರ್ ಬಳಿ ಇದ್ದದ್ದು ಆ ಜಾಗದ ತಿಳಿವಳಿಕೆ ಮತ್ತು ಪತ್ರ ಬರೆಯುವ ಚಟ. ವರ್ಷಗಟ್ಟಲೆ ವಾಷಿಂಗ್ಟನ್‌ಗೆ ಎಡತಾಕಿದರು. ಕೊನೆಗೆ 1930ರ ಜುಲೈಯಲ್ಲಿ ಅಧ್ಯಕ್ಷ ಹರ್ಬರ್ಟ್ ಹೂವರ್ ಸಹಿ ಹಾಕಿದ ಶಿಪ್‌ಸ್ಟೆಡ್-ನೋಲನ್ ಕಾಯ್ದೆ ಎರಡು ಮುಖ್ಯ ಕಟ್ಟಳೆ ಮಾಡಿತು. ಸರ್ಕಾರಿ ಜಮೀನಿನಲ್ಲಿ ಸರೋವರದ ದಡದಿಂದ 400 ಅಡಿಯೊಳಗೆ ಮರ ಕಡಿಯುವಂತಿಲ್ಲ ಎಂಬುದು ಒಂದು. ನೀರಿನ ಸಹಜ ಮಟ್ಟ ಬದಲಿಸುವಂತಿಲ್ಲ ಎಂಬುದು ಇನ್ನೊಂದು. ಆರ್ಥಿಕ ಮಹಾಕುಸಿತ ಬ್ಯಾಕಸ್‌ನ ಸಾಮ್ರಾಜ್ಯವನ್ನು ಮುಗಿಸಿತು. ಆತ 1934ರಲ್ಲಿ ತೀರಿಕೊಂಡ. ಎರಡೂ ದೇಶಗಳ ಜಂಟಿ ಆಯೋಗ ಅಣೆಕಟ್ಟಿನ ಯೋಜನೆಯನ್ನು ತಳ್ಳಿಹಾಕಿದ್ದೂ ಅದೇ ವರ್ಷ.

ನೀರಿನ ಮಟ್ಟದ ಆ ಕಟ್ಟಳೆಯ ಬೆಲೆ ಚೆನ್ನಾಗಿ ಗೊತ್ತಿರಬೇಕಾದದ್ದು ಲೂನ್ ಹಕ್ಕಿಗೆ. ಮಿನೆಸೋಟದ ರಾಜ್ಯಪಕ್ಷಿ ಅದು. ರಾತ್ರಿ ಗುಡಾರದಲ್ಲಿ ಮಲಗಿದವರನ್ನು ಬೆಚ್ಚಿಬೀಳಿಸುವ ಕೂಗು ಅದರದು. ಕೆಲವೊಮ್ಮೆ ಊಳಿಟ್ಟಂತೆ, ಕೆಲವೊಮ್ಮೆ ಗಹಗಹಿಸಿ ನಕ್ಕಂತೆ ಕೇಳುತ್ತದೆ. ನೀರಲ್ಲಿ ಮುಳುಗಿ ಮೀನು ಹಿಡಿಯಲು ಅನುಕೂಲವಾಗುವಂತೆ ಕಾಲುಗಳು ದೇಹದ ತೀರಾ ಹಿಂದಕ್ಕಿವೆ, ಹಾಗಾಗಿ ನೆಲದ ಮೇಲೆ ಸರಿಯಾಗಿ ನಡೆಯಲಾರದು. ಗೂಡು ನೀರಿನ ಅಂಚಿಗೇ ಇರುತ್ತದೆ. ಮರಿ ಮಾಡುವ ಕಾಲದಲ್ಲಿ ನೀರು ಏರಿದರೆ ಮೊಟ್ಟೆ ತೇಲಿಹೋಗುತ್ತದೆ, ಇಳಿದರೆ ಹಕ್ಕಿ ಗೂಡಿಗೆ ಹತ್ತಲಾಗುವುದಿಲ್ಲ.

ನೆಲದ ಮೇಲಿನ ಜಗಳ ತಣ್ಣಗಾಗುವ ಹೊತ್ತಿಗೆ ಸದ್ದು ಮೇಲಿನಿಂದ ಬಂತು. ಎರಡನೇ ಮಹಾಯುದ್ಧ ಮುಗಿದು ಊರಿಗೆ ಮರಳಿದವರಲ್ಲಿ ವಿಮಾನ ಹಾರಿಸಬಲ್ಲವರು ಬೇಕಾದಷ್ಟಿದ್ದರು. ನೀರಿನ ಮೇಲಿಳಿಯುವ ಫ್ಲೋಟ್ ವಿಮಾನಗಳು ಈಲಿ ಎಂಬ ಗಣಿ ಪಟ್ಟಣದಿಂದ ಹೊರಟು, ದೋಣಿಯವರು ದಿನಗಟ್ಟಲೆ ಹುಟ್ಟುಹಾಕಿ ತಲುಪುವ ಸರೋವರಕ್ಕೆ ಕೆಲವೇ ನಿಮಿಷಗಳಲ್ಲಿ ಮೀನುಗಾರರನ್ನೂ ಬಿಯರ್ ಪೆಟ್ಟಿಗೆಗಳನ್ನೂ ಇಳಿಸತೊಡಗಿದವು. ಒಳಗಿನ ರೆಸಾರ್ಟುಗಳಿಗೆ ಸುಗ್ಗಿ. 1948ರಲ್ಲಿ ಖಾಸಗಿ ಜಮೀನು ಕೊಳ್ಳಲು ಕಾಂಗ್ರೆಸ್ ಹಣ ಕೊಟ್ಟಿತು, ಮರುವರ್ಷ ಟ್ರೂಮನ್ ಆದೇಶ ಬಂತು. ಅದು ಜಾರಿಗೆ ಬಂದದ್ದು 1951ರ ಜನವರಿಯಲ್ಲಿ. ರೆಸಾರ್ಟಿನವರು ನ್ಯಾಯಾಲಯಕ್ಕೆ ಹೋಗಿ ಸೋತರು.

ಈ ಕಥೆಯ ಮೋಜಿನ ತಿರುವು ಇನ್ನೊಂದು ಕಡೆ ಇದೆ. ವಿಮಾನಗಳು ಹೋದವು, ವಿಮಾನದ ಲೋಹ ಮಾತ್ರ ಉಳಿಯಿತು. ಯುದ್ಧವಿಮಾನ ತಯಾರಿಸುತ್ತಿದ್ದ ಗ್ರಮನ್ ಕಂಪನಿ ಯುದ್ಧ ಮುಗಿಯುತ್ತಿದ್ದಂತೆ ಅಲ್ಯೂಮಿನಿಯಂ ದೋಣಿಗಳನ್ನು ಮಾಡತೊಡಗಿತು. ಬಂಡೆಗೆ ಬಡಿದರೂ ಒಡೆಯದ ಆ ದೋಣಿಗಳು ಸಾಮಾನ್ಯ ಸಂಬಳದ ಕುಟುಂಬಗಳನ್ನೂ ಈ ನೀರಿಗೆ ತಂದವು. ಈಗ ಅವುಗಳ ಜಾಗಕ್ಕೆ ಕೆವ್ಲಾರ್ ಎಂಬ ಹಗುರ ನಾರಿನ ದೋಣಿ ಬಂದಿದೆ. ಅದನ್ನು ಗಟ್ಟಿಮುಟ್ಟಾದ ಒಬ್ಬರು ಸಲೀಸಾಗಿ ಎತ್ತಬಹುದು.

ವಿಮಾನ ನಿಂತಾಗ ಪೇಚಿಗೆ ಸಿಕ್ಕವರಲ್ಲಿ ಡೊರೊತಿ ಮೋಲ್ಟರ್ ಒಬ್ಬರು. ಷಿಕಾಗೊದಿಂದ ಬಂದ ನರ್ಸ್, ನೈಫ್ ಲೇಕ್‌ನ ದ್ವೀಪದಲ್ಲಿ ಪುಟ್ಟ ರೆಸಾರ್ಟ್ ನಡೆಸುತ್ತಿದ್ದರು. ಹತ್ತಿರದ ರಸ್ತೆಗೆ ಬರಬೇಕಾದರೆ ಐದು ಪೋರ್ಟೇಜ್ ದಾಟಬೇಕು. ವಿಮಾನದಲ್ಲಿ ಬರುತ್ತಿದ್ದ ತಂಪುಪಾನೀಯ ಬರುವುದು ನಿಂತಿತು, ಖಾಲಿ ಬಾಟಲಿಗಳ ರಾಶಿ ಉಳಿಯಿತು. ಅವರು ಸರೋವರದ ನೀರಿನಿಂದಲೇ ರೂಟ್ ಬಿಯರ್ ಎಂಬ ಸಿಹಿಪಾನೀಯ ತಯಾರಿಸಿ, ಚಳಿಗಾಲದಲ್ಲಿ ಕೊಯ್ದು ಮರದ ಹೊಟ್ಟಿನಲ್ಲಿ ಹೂತಿಟ್ಟ ಮಂಜುಗಡ್ಡೆಯಿಂದ ಬೇಸಿಗೆಯಲ್ಲಿ ಅದನ್ನು ತಂಪು ಮಾಡಿ, ಹಾದುಹೋಗುವ ದೋಣಿಯವರಿಗೆ ಕೊಡತೊಡಗಿದರು. ಒಂದು ಪತ್ರಿಕೆ ಅವರನ್ನು ಅಮೆರಿಕದ ಅತ್ಯಂತ ಒಂಟಿ ಹೆಂಗಸು ಎಂದು ಕರೆದಿತ್ತು. ಬೇಸಿಗೆಯಲ್ಲಿ ಸಾವಿರಾರು ಜನ ಬಂದು ಬಾಗಿಲು ತಟ್ಟುತ್ತಿದ್ದ ಮನೆ ಅದು!

ಸರ್ಕಾರ ಅವರ ಜಾಗವನ್ನೂ ವಶಪಡಿಸಿಕೊಂಡಿತು. ಜನ ಗಲಾಟೆ ಎಬ್ಬಿಸಿದ್ದರಿಂದ ಬದುಕಿರುವವರೆಗೆ ಅಲ್ಲೇ ಇರಲು ಬಿಟ್ಟಿತು. 1986ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ಅಭಿಮಾನಿಗಳು ಅವರ ಮನೆಯನ್ನು ತೊಲೆ ತೊಲೆಯಾಗಿ ಬಿಚ್ಚಿ, ಹೆಪ್ಪುಗಟ್ಟಿದ ಸರೋವರಗಳ ಮೇಲೆ ಈಲಿಗೆ ಸಾಗಿಸಿದರು. ಈಗ ಅದೊಂದು ವಸ್ತುಸಂಗ್ರಹಾಲಯ. ಆ ಕಾಡಿನಲ್ಲಿ ಖಾಯಂ ವಾಸವಿದ್ದ ಕೊನೆಯ ವ್ಯಕ್ತಿ ಅವರೇ.

ಮೋಟಾರು ದೋಣಿಯ ಸದ್ದು ತಗ್ಗಿಸುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಮೋಟಾರು ಓಡಿಸುತ್ತಿದ್ದವರು ಊರಿನವರೇ. 1964ರ ವನ್ಯಪ್ರದೇಶ ಕಾಯ್ದೆ ಇಲ್ಲಿ ಮೋಟಾರಿಗೂ ಮರ ಕಡಿತಕ್ಕೂ ರಿಯಾಯಿತಿ ಕೊಟ್ಟಿತ್ತು. ಅದನ್ನು ತೆಗೆಯುವ ಮಾತು ಬಂದಾಗ ಈಲಿ ಕೊತಕೊತ ಕುದಿಯಿತು. ಕಬ್ಬಿಣದ ಕೊನೆಯ ಗಣಿ 1967ರಲ್ಲೇ ಮುಚ್ಚಿತ್ತು. ಇದ್ದ ಕೆಲಸವೂ ಹೋಗುತ್ತದೆ ಎಂಬ ಅವರ ಭಯವನ್ನು ಬರೀ ಮೊಂಡುತನ ಎನ್ನಲಾಗದು. 1977ರ ಜುಲೈಯ ಸಾರ್ವಜನಿಕ ವಿಚಾರಣೆಯ ದಿನ ಸಿಗರ್ಡ್ ಓಲ್ಸನ್ ಅವರ ಪ್ರತಿಕೃತಿಯನ್ನು ಪ್ರತಿಭಟನಕಾರರು ನೇಣಿಗೆ ಹಾಕಿದರು. ಓಲ್ಸನ್ ಆ ಊರಿನ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು, ಬೇಸಿಗೆಯಲ್ಲಿ ದೋಣಿಯವರಿಗೆ ದಾರಿ ತೋರಿಸಿದವರು, ಈ ಸರೋವರಗಳ ಬಗ್ಗೆ ಬರೆದು ದೇಶಕ್ಕೆಲ್ಲ ಪರಿಚಿತರಾದ ಲೇಖಕ. ಆಗ ಅವರಿಗೆ 78 ವರ್ಷ. ಜನರ ಕೂಗಾಟದ ನಡುವೆಯೇ ಎದ್ದು ನಿಂತು ಸಾಕ್ಷ್ಯ ಹೇಳಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಜಿಮ್ಮಿ ಕಾರ್ಟರ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಮರ ಕಡಿತ ನಿಂತಿತು. ಮೋಟಾರು ನೀರಿನ ಸುಮಾರು ಕಾಲುಭಾಗಕ್ಕೆ ಸೀಮಿತವಾಯಿತು. ಈಲಿಯ ಕೆಲವು ಮನೆಗಳಲ್ಲಿ ಆ ಸಿಟ್ಟು ಇನ್ನೂ ಆರಿಲ್ಲ.

ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವರ ಹೆಸರು ಮಾತ್ರ ಈ ಗೆಲುವಿನ ಕಥೆಗಳಲ್ಲಿ ಅಪರೂಪ. ಗಡಿಯಾಚೆ ಕ್ವೆಟಿಕೊದಲ್ಲಿ ಲಾಕ್ ಲಾ ಕ್ರಾ ಸಮುದಾಯದ ಓಜಿಬ್ವೆ ಜನರಿಗೆ ಒಪ್ಪಂದದ ಪ್ರಕಾರ ಮೀಸಲಾಗಿದ್ದ ನೆಲವನ್ನು 1915ರಲ್ಲಿ ಒಂಟಾರಿಯೊ ಸರ್ಕಾರ ರದ್ದು ಮಾಡಿ ಪಾರ್ಕಿಗೆ ಸೇರಿಸಿಕೊಂಡಿತು. ಅವರನ್ನು ಕೇಳಲೇ ಇಲ್ಲ. ಪ್ರಾಂತ್ಯದ ಶಾಸನಸಭೆಯಲ್ಲಿ ಸರ್ಕಾರ ಕ್ಷಮೆ ಕೇಳಿದ್ದು 1991ರಲ್ಲಿ. ನನ್ನನ್ನು ಕೇಳಿದರೆ ಈ ಪಾರ್ಕುಗಳ ಪ್ರತಿ ನಕ್ಷೆಯ ಮೇಲೂ ಈ ಎರಡು ಇಸವಿಗಳನ್ನು ಅಚ್ಚು ಹಾಕಬೇಕು.

ಜಗಳ ಮುಗಿದಿಲ್ಲ. ಬೌಂಡರಿ ವಾಟರ್ಸ್‌ಗೆ ನೀರು ಹರಿದುಬರುವ ಮೇಲ್ಭಾಗದ ನೆಲದಲ್ಲಿ ತಾಮ್ರ ಮತ್ತು ನಿಕಲ್ ಅದಿರಿದೆ. ಗಂಧಕ ಬೆರೆತ ಈ ಅದಿರನ್ನು ಅಗೆದು ಗಾಳಿ, ನೀರಿಗೆ ಒಡ್ಡಿದರೆ ಆಮ್ಲ ಹುಟ್ಟುವ ಅಪಾಯವಿದೆ. 2023ರ ಜನವರಿಯಲ್ಲಿ ಅಮೆರಿಕ ಸರ್ಕಾರ ಅಲ್ಲಿನ ಸುಮಾರು 2.25 ಲಕ್ಷ ಎಕರೆಯಲ್ಲಿ ಹೊಸ ಗಣಿ ಗುತ್ತಿಗೆಗೆ 20 ವರ್ಷದ ತಡೆ ಹಾಕಿತು. ಗಣಿ ಬೇಕೆನ್ನುವವರು ಸುಮ್ಮನಾಗಲಿಲ್ಲ. ಸರ್ಕಾರ ಬದಲಾದಂತೆ ಆದೇಶಗಳೂ ಬದಲಾಗುವುದನ್ನು ಈ ವಿವಾದದಲ್ಲಿ ಹಿಂದೆಯೂ ನೋಡಿದ್ದೇವೆ.

ಮಿನಿಯಾಪೊಲಿಸ್ ಕಡೆ ಮಕ್ಕಳ ಮನೆಗೆ ಹೋಗುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಹೋಗುವವರಿಗೆ ಒಂದೆರಡು ಮಾತು. ಅಲ್ಲಿಂದ ಈಲಿಗೆ ಕಾರಿನಲ್ಲಿ ಸುಮಾರು ನಾಲ್ಕು ತಾಸು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಒಳಗೆ ರಾತ್ರಿ ತಂಗಲು ಪರವಾನಗಿ ಮುಂಗಡವಾಗಿ ಕಾದಿರಿಸಬೇಕು. ಪ್ರತಿ ದ್ವಾರಕ್ಕೂ ದಿನಕ್ಕೆ ಇಷ್ಟೇ ತಂಡ ಎಂಬ ಮಿತಿಯಿದೆ, ಜನವರಿ ಕೊನೆಗೆ ಕಾದಿರಿಸುವಿಕೆ ತೆರೆಯುತ್ತಿದ್ದಂತೆ ಹೆಸರಾದ ದ್ವಾರಗಳು ಭರ್ತಿಯಾಗುತ್ತವೆ. ಒಂದು ತಂಡದಲ್ಲಿ ಒಂಬತ್ತು ಜನ, ನಾಲ್ಕು ದೋಣಿ ಮೀರುವಂತಿಲ್ಲ. ಸೊಳ್ಳೆಗೆ ಹೆದರುವವರು ಜೂನ್ ಬಿಟ್ಟು ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಹೋಗಿ. ಕರಡಿಗಳಿವೆ, ಊಟದ ಚೀಲವನ್ನು ಗುಡಾರದೊಳಗೆ ಇಟ್ಟುಕೊಳ್ಳಬೇಡಿ. ಊರಿಂದ ತಂದ ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಿಂದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. ಆಹಾರದ ಗಾಜಿನ ಬಾಟಲಿ, ತಗಡಿನ ಡಬ್ಬಿಗಳಿಗೆ 1971ರಿಂದಲೂ ಒಳಗೆ ಪ್ರವೇಶವಿಲ್ಲ.