ಹತ್ತಿಯೊಳಗಿನ ಎರಡು ವಂಶ

ಹತ್ತಿಯ ಕುಲದಲ್ಲಿ ಸುಮಾರು 50 ಪ್ರಭೇದಗಳಿದ್ದರೂ ನೂಲಿಗಾಗಿ ಬೆಳೆಯುವುದು ನಾಲ್ಕನ್ನು ಮಾತ್ರ. ಏಷ್ಯಾ, ಆಫ್ರಿಕಾಗಳ ಅರ್ಬೋರಿಯಂ ಮತ್ತು ಹರ್ಬೇಸಿಯಂ ಜವಾರಿ ಹತ್ತಿಗಳು. ಅವುಗಳ ಜೀವಕೋಶದಲ್ಲಿ 26 ವರ್ಣತಂತುಗಳಿವೆ. ಅಮೆರಿಕ ಮೂಲದ ಹಿರ್ಸುಟಂ, ಬಾರ್ಬಡೆನ್ಸ್‌ಗಳಲ್ಲಿ 52. ಸರಿಯಾಗಿ ಇಮ್ಮಡಿ!

ಈ ಲೆಕ್ಕದ ಮರ್ಮ ತಿಳಿದದ್ದು ಸಂಕರ ಗಿಡಗಳಿಂದ. ಪರಾಗ ಮತ್ತು ಅಂಡಗಳು ರೂಪುಗೊಳ್ಳುವ ಕೋಶವಿಭಜನೆಯಲ್ಲಿ ಪ್ರತಿ ವರ್ಣತಂತುವೂ ತನ್ನ ಸರಿಜೋಡಿಯನ್ನು ಕೂಡಿ, ಆಮೇಲೆ ಅದರಿಂದ ಬೇರಾಗುತ್ತದೆ. ನೆಂಟಸ್ತಿಕೆ ದೂರವಾದರೆ ಜೋಡಿ ಕೂಡುವುದಿಲ್ಲ. ಜವಾರಿ ಹತ್ತಿಗೂ ಅಮೆರಿಕನ್ ಹತ್ತಿಗೂ ಹುಟ್ಟಿದ ಗಿಡದಲ್ಲಿ 39 ವರ್ಣತಂತುಗಳಿರುತ್ತವೆ. ಸಾಮಾನ್ಯವಾಗಿ ಜವಾರಿಯ 13, ಅಮೆರಿಕನ್‌ನ 13ರೊಂದಿಗೆ ಜೋಡಿಯಾಗುತ್ತವೆ. ಉಳಿದ 13 ಒಂಟಿಯಾಗಿ ದಿಕ್ಕುಗೆಟ್ಟು ಚದುರುತ್ತವೆ. ಹಾಗಾಗಿ ಪರಾಗ ಜೊಳ್ಳು, ಗಿಡ ಬಂಜೆ.

ಜೋಡಿಯಾಗುವವು ಜವಾರಿಯವುಗಳಂತೆ ದೊಡ್ಡವು, ಒಂಟಿಯಾಗುವವು ಅಮೆರಿಕದ ಕಾಡುಹತ್ತಿಯವುಗಳಂತೆ ಚಿಕ್ಕವು ಎಂಬುದನ್ನು ವಿಜ್ಞಾನಿ ಸ್ಕೋವ್‌ಸ್ಟೆಡ್ 1934ರಲ್ಲಿ ಗುರುತಿಸಿದರು. ಅಮೆರಿಕನ್ ಹತ್ತಿಯೊಳಗೆ ಎರಡು ವಂಶಗಳಿವೆ, ಒಂದು ಹಳೆಯ ಜಗತ್ತಿನದು, ಇನ್ನೊಂದು ಅಮೆರಿಕದ ಕಾಡುಹತ್ತಿಯದು ಎಂಬುದು ಇದರ ಅರ್ಥ. ಮೊದಲನೆಯದನ್ನು ‘ಎ’ ಜೀನೋಮ್, ಎರಡನೆಯದನ್ನು ‘ಡಿ’ ಎನ್ನುತ್ತಾರೆ. 1940ರಲ್ಲಿ ಬೀಸ್ಲಿ ಇದಕ್ಕೆ ಪ್ರಯೋಗದ ಪುರಾವೆ ಒದಗಿಸಿದರು: ಅರ್ಬೋರಿಯಂಗೆ ಅಮೆರಿಕದ ಕಾಡುಹತ್ತಿ ಥರ್ಬೆರಿಯನ್ನು ಕೂಡಿಸಿ, ಆ ಬಂಜೆ ಗಿಡದ ವರ್ಣತಂತುಗಳನ್ನು ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಇಮ್ಮಡಿಸಿದಾಗ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿತು. ಹೀಗೆ ಬಂದ ಗಿಡ ಅಮೆರಿಕನ್ ಹತ್ತಿಯೊಂದಿಗೆ ಸಂಕರವಾಯಿತು. ನಿಸರ್ಗದಲ್ಲಿ ಈ ಕೂಟ ನಡೆದದ್ದು ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ. ‘ಡಿ’ ಕಡೆಯ ಅತಿ ಹತ್ತಿರದ ನೆಂಟ ಪೆರುವಿನ ರೈಮಾಂಡಿ. ಆಫ್ರಿಕಾ ಕಡೆಯ ವಂಶ ಸಾಗರ ದಾಟಿ ಅಮೆರಿಕಕ್ಕೆ ತಲುಪಿತಲ್ಲ, ಅದೇ ಸೋಜಿಗ.

‘ಎ’ ಒಳಗೂ ಎಲ್ಲವೂ ಒಂದೇ ಅಲ್ಲ. ಎರಡು ಜವಾರಿ ಪ್ರಭೇದಗಳ ನಡುವೆ ವರ್ಣತಂತುಗಳ ತುಂಡುಗಳು ಅದಲುಬದಲಾಗಿವೆ. ಆ ಜಾಡು ಹಿಡಿದೇ, ಅಮೆರಿಕನ್ ಹತ್ತಿಯ ‘ಎ’ಗೆ ಅರ್ಬೋರಿಯಂಗಿಂತ ಹರ್ಬೇಸಿಯಂನ ಜೋಡಣೆ ಹತ್ತಿರವೆಂದು 1953ರಲ್ಲಿ ಗರ್ಸ್ಟೆಲ್ ತೋರಿಸಿದರು.

ಹಿರ್ಸುಟಂ ಮತ್ತು ಬಾರ್ಬಡೆನ್ಸ್ ಎರಡರಲ್ಲೂ ‘ಎ’, ‘ಡಿ’ ಎರಡೂ ಇರುವುದರಿಂದ ಅವುಗಳ ಸಂಕರದಲ್ಲಿ 26 ಜೋಡಿಗಳು ಸಲೀಸಾಗಿ ಕೂಡುತ್ತವೆ, ಕಾಯಿ ಕಟ್ಟುತ್ತದೆ. ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ತಳಿ ಇಂಥದೇ. ಆದರೆ ಜೋಡಿ ಕೂಡಿದ ಮಾತ್ರಕ್ಕೆ ಎರಡು ಪ್ರಭೇದ ಒಂದಾಗುವುದಿಲ್ಲ. ಮುಂದಿನ ಪೀಳಿಗೆಯಲ್ಲಿ ಜೀನ್‌ಗಳು ಬೇಕಾಬಿಟ್ಟಿ ಬೆರೆತು ಸೊರಗಿದ ಗಿಡಗಳೂ ಬರುತ್ತವೆ. ಸಂಕರ ಹತ್ತಿ ಬೆಳೆಯುವ ರೈತ ತನ್ನ ಹೊಲದ ಬೀಜವನ್ನೇ ಮತ್ತೆ ಬಿತ್ತದೆ ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕಾಗುವುದು ಇದಕ್ಕೇ.