ಹಲ್ಲಿನ ಪಾಚಿ ಮತ್ತು ವಸಡಿನ ರಕ್ಷಣೆ

“ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ” ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತದೆ. ಆದರೆ ಅದನ್ನು ಅಗಿಯಲಾರದೆ ಕುಟ್ಟಿಸಿಕೊಂಡು ತಿನ್ನುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ವಯಸ್ಸಾದಂತೆ ಹಲ್ಲು ಬೀಳುವುದು ಸಹಜವೆಂದು ಎಷ್ಟೋ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಹುಳುಕಿಲ್ಲದ ಗಟ್ಟಿ ಹಲ್ಲು ಅಲುಗಾಡಿ ಬೀಳುವುದಕ್ಕೆ ಮುಖ್ಯ ಕಾರಣ ವಸಡಿನ ರೋಗ. ಇದನ್ನು ಬಹುಮಟ್ಟಿಗೆ ತಡೆಯಬಹುದು.

ಈ ರೋಗದ ಮೊದಲ ಗುರುತು, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುವುದು. ರಕ್ತ ಕಂಡೊಡನೆ ಅನೇಕರು ಹೆದರಿ ಆ ಕಡೆ ಉಜ್ಜುವುದನ್ನೇ ಬಿಟ್ಟು, ಬೆರಳಾಡಿಸಿ ಬಾಯಿ ಮುಕ್ಕಳಿಸಿ ಮುಗಿಸುತ್ತಾರೆ. ಇದರಿಂದ ರೋಗ ಹೆಚ್ಚುತ್ತದೆ. ಏಕೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಪಾಚಿ ಎಂದರೇನು?

ಹಲ್ಲನ್ನು ಎಷ್ಟೇ ಶುಚಿಯಾಗಿ ತೊಳೆದರೂ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ತೆಳುವಾದ ಅಂಟು ಪೊರೆಯೊಂದು ಕಟ್ಟತೊಡಗುತ್ತದೆ. ಇದರಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ಸೂಕ್ಷ್ಮಜೀವಿಗಳಿರುತ್ತವೆ. ಇದೇ ಹಲ್ಲಿನ ಪಾಚಿ. ಹಲ್ಲೂ ವಸಡೂ ಕೂಡುವ ಅಂಚಿನಲ್ಲಿಯೂ ಹಲ್ಲುಗಳ ಸಂದಿನಲ್ಲಿಯೂ ಇದು ಹೆಚ್ಚು. ಅಲ್ಲಿ ಅದು ನಿಂತರೆ ವಸಡು ಕೆಂಪಾಗಿ, ಊದಿಕೊಂಡು, ಮುಟ್ಟಿದರೆ ರಕ್ತ ಸುರಿಸುತ್ತದೆ.

ರಾಗಿ ಹೊಲದ ಕಳೆಯನ್ನು ನೆನಪಿಗೆ ತಂದುಕೊಳ್ಳಿ. ಎಳೆಯ ಕಳೆ ಒಂದು ಸಾರಿ ಕುಂಟೆ ಹೊಡೆದರೆ ಹೋಗುತ್ತದೆ. ಗರಿಕೆ ಬೇರೂರಿದರೆ ಕುಂಟೆಗೆ ಬಗ್ಗುವುದಿಲ್ಲ. ಎಳೆಯ ಪಾಚಿ ಬ್ರಷ್ಷಿಗೆ ಹೋಗುತ್ತದೆ. ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಕೆಲವು ದಿನಗಳಲ್ಲಿಯೇ ಗಟ್ಟಿಯಾಗಿ ಗಾರೆ ಕಟ್ಟುತ್ತದೆ. ಗಾರೆಯನ್ನು ದಂತವೈದ್ಯರೇ ಸಲಕರಣೆಯಿಂದ ತೆಗೆಯಬೇಕು. ಹಾಗೆಯೇ ಬಿಟ್ಟರೆ ಕೆಲವರಲ್ಲಿ ರೋಗ ಒಳಗಿಳಿದು ಹಲ್ಲನ್ನು ಹಿಡಿದಿರುವ ಮೂಳೆ ಸವೆಯುತ್ತದೆ. ಸವೆದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ.

ಪರೀಕ್ಷೆಗಳು ಹೇಳುವುದೇನು?

1965ರಲ್ಲಿ ಡೆನ್ಮಾರ್ಕ್ ದೇಶದಲ್ಲಿ ಹೆರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿಯಾಗಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಅಷ್ಟೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ವಸಡು ಊದಲು ಪಾಚಿಯೇ ಕಾರಣವೆಂಬುದೂ, ಮೂಳೆಗೆ ಇಳಿಯುವ ಮೊದಲು ಅದು ಗುಣವಾಗುತ್ತದೆಂಬುದೂ ಇದರಿಂದ ತಿಳಿದುಬಂತು.

ಲೋ ಅವರಿದ್ದ ಇನ್ನೊಂದು ತಂಡ 1970ರಿಂದ 1985ರವರೆಗೆ ಶ್ರೀಲಂಕಾದ ಚಹಾ ತೋಟಗಳ 480 ಕೂಲಿಕಾರರ ಬಾಯಿಯನ್ನು ಆಗಾಗ್ಗೆ ಪರೀಕ್ಷಿಸಿತು. ಅವರು ಬ್ರಷ್ಷನ್ನಾಗಲಿ ದಂತವೈದ್ಯರನ್ನಾಗಲಿ ಕಂಡವರಲ್ಲ. ಅವರ ಹಲ್ಲುಗಳಲ್ಲಿ ಹುಳುಕು ಇರಲಿಲ್ಲವೆನ್ನುವಷ್ಟು ಕಡಿಮೆ. ಆದರೆ ಎಲ್ಲರ ವಸಡೂ ಊದಿತ್ತು. ಶೇಕಡಾ 8 ಮಂದಿಯಲ್ಲಿ ರೋಗ ವೇಗವಾಗಿ, ಶೇಕಡಾ 81 ಮಂದಿಯಲ್ಲಿ ಮೆಲ್ಲಗೆ ಒಳಗಿಳಿಯಿತು. ಉಳಿದ ಶೇಕಡಾ 11 ಮಂದಿಯಲ್ಲಿ ವಸಡು ಊದಿದ್ದೇ ಹೊರತು ಮುಂದುವರಿಯಲಿಲ್ಲ. ವೇಗವಾಗಿ ಇಳಿದವರು 45ರ ವಯಸ್ಸಿಗೆ ಹಲ್ಲುಗಳನ್ನು ಕಳೆದುಕೊಂಡರು. ನಾವು ಈ ಮೂರರಲ್ಲಿ ಯಾವ ಗುಂಪಿಗೆ ಸೇರಿದವರೆಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಆದ್ದರಿಂದ ಎಲ್ಲರೂ ಎಚ್ಚರಿಕೆ ವಹಿಸುವುದೇ ಸರಿ.

ಪಾಚಿಯನ್ನು ತಡೆಯುವ ಔಷಧಿಗಳೂ ಇವೆ. ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ದಿನಕ್ಕೆರಡು ಸಾರಿ ಬಾಯಿ ಮುಕ್ಕಳಿಸಿದರೆ ಪಾಚಿ ಕಟ್ಟದೆಂದು 1970ರಲ್ಲಿ ತೋರಿಸಲಾಯಿತು. ಆದರೆ ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹತ್ತುತ್ತದೆ, ರುಚಿ ಕೆಡುತ್ತದೆ. ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕು.

ನಮ್ಮ ರಾಜ್ಯದ ಮಣಿಪಾಲದಲ್ಲಿ ಬೇವಿನ ಎಲೆಯ ಸಾರದಿಂದ ಮಾಡಿದ ಲೇಪವನ್ನು ಆರು ವಾರ ಪರೀಕ್ಷಿಸಿ, ಪಾಚಿಯೂ ಸೂಕ್ಷ್ಮಜೀವಿಗಳೂ ಕಡಿಮೆಯಾದುದನ್ನು 2004ರಲ್ಲಿ ಪ್ರಕಟಿಸಿದರು. ಹಿರಿಯರು ಬೇವನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿತ್ತೆಂಬುದಕ್ಕೆ ಇದು ಸಾಕ್ಷಿ. ಆದರೆ ಅಲ್ಲಿ ಬಳಸಿದ್ದು ಅಳತೆಯ ಪ್ರಕಾರ ತಯಾರಿಸಿದ ಲೇಪ. ಕಡ್ಡಿಯಿಂದ ಉಜ್ಜುವವರು ಎಳೆಯ ಕಡ್ಡಿಯ ತುದಿಯನ್ನು ಚೆನ್ನಾಗಿ ಅಗಿದು, ಮೆತ್ತಗಿನ ಕುಂಚವಾದ ಮೇಲೆಯೇ ಬಳಸಬೇಕು. ಒರಟು ಕಡ್ಡಿ ವಸಡನ್ನು ಗಾಯಗೊಳಿಸುತ್ತದೆ.

ನೀರಿನ ಕರೆ ಬೇರೆ, ಪಾಚಿ ಬೇರೆ

ಪಾವಗಡ ತಾಲ್ಲೂಕಿನಲ್ಲಿಯೂ ಸುತ್ತಲಿನ ಹಲವು ಊರುಗಳಲ್ಲಿಯೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆಯೂ 1.5 ಮಿಲಿಗ್ರಾಂ ಮೀರಬಾರದು. ಮಕ್ಕಳ ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಫ್ಲೋರೈಡ್ ಹೆಚ್ಚಾದರೆ, ಹುಟ್ಟುವ ಹಲ್ಲಿನ ಮೇಲೆ ಬಿಳಿ ಮಚ್ಚೆಗಳೋ ಹಳದಿ, ಕಂದು ಪಟ್ಟೆಗಳೋ ಕಾಣಿಸುತ್ತವೆ.

ಈ ಕರೆ ಹಲ್ಲಿನ ಹೊರಪದರದೊಳಗೇ ಇರುವುದರಿಂದ ಉಜ್ಜಿದರೆ ಹೋಗುವುದಿಲ್ಲ. ಆದರೂ ಇದನ್ನು ಕೊಳೆಯೆಂದು ತಿಳಿದು ಇಟ್ಟಿಗೆ ಪುಡಿ, ಮರಳು, ಇದ್ದಿಲುಗಳಿಂದ ತಿಕ್ಕುವವರಿದ್ದಾರೆ. ಹಲ್ಲು ಸವೆದು ಜುಮ್ಮೆನ್ನುತ್ತದೆ, ವಸಡು ಸುಲಿಯುತ್ತದೆ, ಕರೆ ಮಾತ್ರ ಹಾಗೆಯೇ ಉಳಿಯುತ್ತದೆ. ಕರೆಯಿರುವ ಹಲ್ಲಿಗೂ ಬೇಕಾದುದು ಅಂಚಿನ ಪಾಚಿಯನ್ನು ಮೃದುವಾಗಿ ತೆಗೆಯುವುದು. ಇಂಥ ಊರುಗಳಲ್ಲಿ ಮಕ್ಕಳಿಗೆ ಶುದ್ಧೀಕರಿಸಿದ ನೀರನ್ನೇ ಕುಡಿಸಿ. ಆರು ವರ್ಷದೊಳಗಿನವರಿಗೆ ಯಾವ ಪೇಸ್ಟು, ಎಷ್ಟು ಎಂದು ದಂತವೈದ್ಯರನ್ನು ಕೇಳಿ. ಮಕ್ಕಳು ಪೇಸ್ಟನ್ನು ನುಂಗದಂತೆ ನೋಡಿಕೊಳ್ಳಿ.

ಮನೆಯಲ್ಲಿ ಮಾಡಬೇಕಾದುದು

1. ಬೆಳಿಗ್ಗೆ ಒಂದು ಸಾರಿ, ರಾತ್ರಿ ಊಟವಾಗಿ ಮಲಗುವ ಮೊದಲು ಒಂದು ಸಾರಿ, ಎರಡೆರಡು ನಿಮಿಷ ಉಜ್ಜಿರಿ. ರಾತ್ರಿಯದನ್ನು ತಪ್ಪಿಸಬೇಡಿ.

2. ಬ್ರಷ್ಷಿನ ಎಳೆ ಮೃದುವಾಗಿರಲಿ. ಅದನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಒತ್ತದೆ, ಸಣ್ಣದಾಗಿ ಆಡಿಸಿರಿ. ಹಲ್ಲಿನ ಒಳಮೈಯನ್ನು ಮರೆಯಬೇಡಿ. ಒಬ್ಬೊಬ್ಬರಿಗೂ ಬೇರೆ ಬ್ರಷ್ಷಿರಲಿ.

3. ಹಲ್ಲಿನ ಸಂದಿಗೆ ಪಿನ್ನು, ಬೆಂಕಿಕಡ್ಡಿ ಚುಚ್ಚಬೇಡಿ.

4. ರಕ್ತ ಬಂದರೆ ಅಲ್ಲಿಯೂ ಮೃದುವಾಗಿ ಉಜ್ಜುತ್ತಲೇ ಇರಿ. ಎರಡು ವಾರವಾದರೂ ನಿಲ್ಲದಿದ್ದರೆ, ಕೀವು ಬಂದರೆ ಅಥವಾ ಹಲ್ಲು ಅಲುಗಾಡಿದರೆ ವೈದ್ಯರಿಗೆ ತೋರಿಸಿ.

5. ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿಗಳನ್ನು ಬಿಡಿ. ಬೀಡಿ ಸೇದುವವರಲ್ಲಿ ರೋಗವಿದ್ದರೂ ರಕ್ತ ಕಾಣದೆ ಇರಬಹುದು, ಕಾಣಲಿಲ್ಲವೆಂದು ನೆಮ್ಮದಿಯಾಗಿರಬಾರದು.

ಸಕ್ಕರೆ ಕಾಯಿಲೆಯವರು ಹೆಚ್ಚು ಎಚ್ಚರವಾಗಿರಬೇಕು. ಆ ಕಾಯಿಲೆ ವಸಡಿನ ರೋಗವನ್ನು ಹೆಚ್ಚಿಸುತ್ತದೆ. ವಸಡಿನ ರೋಗ ಸಕ್ಕರೆಯನ್ನು ಹತೋಟಿಗೆ ತರಲು ಅಡ್ಡಿಯಾಗುತ್ತದೆ. ಬಸುರಿಯರ ವಸಡು ಸುಲಭವಾಗಿ ಊದುತ್ತದೆ. ಅವರೂ ಹಲ್ಲುಜ್ಜುವುದನ್ನು ನಿಲ್ಲಿಸಬಾರದು.

ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತು ನಿಜವಲ್ಲ. ಮೊದಲೇ ಸಡಿಲವಾಗಿದ್ದ ಹಲ್ಲು ಗಾರೆಯ ಆಸರೆಯಿಂದ ಗಟ್ಟಿಯಾಗಿರುವಂತೆ ತೋರುತ್ತಿರುತ್ತದೆ, ಅಷ್ಟೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ತುಮಕೂರಿನಲ್ಲಿ ದಂತವೈದ್ಯ ಕಾಲೇಜಿನ ಆಸ್ಪತ್ರೆಯೂ ಇದೆ.

ಕಳೆ ಕೀಳಲು ಯಾವ ರೈತನೂ ಗರಿಕೆ ಬೇರೂರುವವರೆಗೆ ಕಾಯುವುದಿಲ್ಲ. ಇಂದು ರಾತ್ರಿ ಮನೆಯವರೆಲ್ಲ ಮಲಗುವ ಮೊದಲು ಹಲ್ಲುಜ್ಜಿರಿ, ಮಕ್ಕಳಿಗೂ ಕಲಿಸಿರಿ. ಕಡಲೆಯೂ ಇರಲಿ, ಅದನ್ನು ಅಗಿಯುವ ಹಲ್ಲೂ ಇರಲಿ.