ಬಿದನೂರಿಗೆ ಬಂದ ಹ್ಯಾಮ್ಲೆಟ್: ‘ರಕ್ತಾಕ್ಷಿ’ಯಲ್ಲಿ ಸೇಡಿನ ಸ್ಥಾನಾಂತರ

ಇಂಗ್ಲೆಂಡಿನಲ್ಲಿ ಒಂದನೆಯ ಜೇಮ್ಸ್ ಪಟ್ಟಕ್ಕೆ ಬಂದ 1603ರಲ್ಲಿಯೇ ‘ಹ್ಯಾಮ್ಲೆಟ್’ ಮೊದಲ ಬಾರಿಗೆ ಅಚ್ಚಾಯಿತು. ಥಾಮಸ್ ಕಿಡ್‌ನ ‘ಸ್ಪ್ಯಾನಿಷ್ ಟ್ರ್ಯಾಜೆಡಿ’ಯಿಂದ ಬೆಳೆದುಬಂದ ಸೇಡಿನ ದುರಂತನಾಟಕದ ಪರಂಪರೆ ಜೇಮ್ಸನ ಕಾಲದಲ್ಲಿ ‘ರಿವೆಂಜರ್ಸ್ ಟ್ರ್ಯಾಜೆಡಿ’ಯಂತಹ ಕರಾಳ ಕೃತಿಗಳನ್ನು ಕೊಟ್ಟಿತು. ಕನ್ನಡದಲ್ಲಿ ಬೇರೂರಿದ್ದು ಮಾತ್ರ ‘ಹ್ಯಾಮ್ಲೆಟ್’. ಅದರ ರೂಪಾಂತರವಾದ ಕುವೆಂಪು ಅವರ ‘ರಕ್ತಾಕ್ಷಿ’ (1932) ಕಥೆಯನ್ನು ಡೆನ್ಮಾರ್ಕಿನಿಂದ ಬಿದನೂರಿಗೆ ತಂದಿತು.

ಈ ಸ್ಥಳದ ಆಯ್ಕೆ ಆಕಸ್ಮಿಕವಲ್ಲ. ಬಿದನೂರು ಕುವೆಂಪು ಅವರ ಹುಟ್ಟುನಾಡಾದ ಮಲೆನಾಡಿಗೆ ಸೇರಿದ್ದು. ಕೆಳದಿ ಅರಸರ ಆಳ್ವಿಕೆ ಘಟ್ಟದ ಕೆಳಗೂ ಹರಡಿತ್ತು. ಇಂದಿನ ಕಾಪು, ಎಲ್ಲೂರುಗಳನ್ನೊಳಗೊಂಡ ಉಡುಪಿಯ ಕರಾವಳಿ 1763ರವರೆಗೆ ಅವರ ಅಧೀನದಲ್ಲಿತ್ತು. ಅದಕ್ಕಿಂತಲೂ ಮುಖ್ಯವಾದುದು ಆ ಮನೆತನದ ಕೊನೆಯ ದಿನಗಳ ವೃತ್ತಾಂತ. ಇಮ್ಮಡಿ ಬಸಪ್ಪನಾಯಕನ ಮರಣಾನಂತರ 1754ರಲ್ಲಿ ದತ್ತುಪುತ್ರ ಚೆನ್ನಬಸಪ್ಪನಾಯಕ ಪಟ್ಟವೇರಿದನು. ಮೂರು ವರ್ಷಗಳೊಳಗೆ ಅವನ ಆಳ್ವಿಕೆ ಕೊನೆಗೊಂಡಿತು. ರಾಣಿ ವೀರಮ್ಮಾಜಿ ನಿಂಬಯ್ಯನೆಂಬವನ ಸಖ್ಯದಲ್ಲಿದ್ದು ಎಳೆಯ ಅರಸನನ್ನು ಕೊಲ್ಲಿಸಿದಳೆಂಬ ಆರೋಪ ವಿಲ್ಕ್ಸ್‌ನಂತಹ ಆಂಗ್ಲ ಇತಿಹಾಸಕಾರರ ಬರಹಗಳಲ್ಲಿ ಉಳಿದಿದೆ. ಸಿಂಹಾಸನ, ವಿಧವೆ ರಾಣಿ, ಅವಳ ಆಪ್ತ, ವಂಚಿತ ರಾಜಕುಮಾರ: ಹ್ಯಾಮ್ಲೆಟ್‌ನ ಚೌಕಟ್ಟು ಇಲ್ಲಿ ಸಿದ್ಧವಾಗಿಯೇ ಇತ್ತು.

ಇತಿಹಾಸವು ನಾಟಕಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತೆಂಬುದೂ ಗಮನಾರ್ಹ. ತಾನೇ ಕೊಲೆಯಿಂದ ಪಾರಾದ ಚೆನ್ನಬಸಪ್ಪನೆಂದು ಹೇಳಿಕೊಂಡವನೊಬ್ಬ ಚಿತ್ರದುರ್ಗದ ಕಡೆಯಿಂದ ಹೈದರಾಲಿಯ ಆಶ್ರಯಕ್ಕೆ ಬಂದನು. ಸತ್ತನೆಂದು ನಂಬಲಾದ ಅರಸ ಮರಳಿ ಬಂದು ನ್ಯಾಯ ಕೇಳುವುದಕ್ಕೆ ಇಲ್ಲಿ ಪ್ರೇತದ ಅಗತ್ಯವೇ ಇರಲಿಲ್ಲ. ಅವನ ಹಕ್ಕನ್ನು ನೆಪವಾಗಿಸಿಕೊಂಡು ಹೈದರನು 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡನು. ರಾಜ್ಯವನ್ನು ಮಾತ್ರ ತಾನೇ ಇಟ್ಟುಕೊಂಡನು. ರಾಣಿ ಮಧುಗಿರಿಯಲ್ಲಿ ಸೆರೆಯಾದಳು. ಕೊಲೆಯ ಕಥೆಯಿಂದ ಲಾಭ ಪಡೆದವನು ಗೆದ್ದವನೇ ಎಂಬುದನ್ನು ನೆನೆದರೆ, ಆ ಆರೋಪವನ್ನು ಎಚ್ಚರಿಕೆಯಿಂದಲೇ ಓದಬೇಕಾಗುತ್ತದೆ. ನಾಟಕಕಾರನಿಗೆ ಅಂತಹ ಎಚ್ಚರ ಕಡ್ಡಾಯವಲ್ಲ, ನಿಜ. ಆದರೆ ವಸ್ತುವನ್ನು ಅಲ್ಲಿಂದ ಎತ್ತಿಕೊಂಡಾಗ, ನಿಜವಾಗಿ ಬದುಕಿದ್ದ ಹೆಣ್ಣೊಬ್ಬಳ ಮೇಲಿನ ಕಳಂಕವೂ ರಂಗಕ್ಕೆ ಬರುತ್ತದೆ.

ಇದಕ್ಕೆ ಪ್ರತಿಯಾಗಿ ಎಂಬಂತೆ, ಕುವೆಂಪು ಮತ್ತೊಬ್ಬ ಹೆಣ್ಣಿಗೆ ಮೂಲದಲ್ಲಿಲ್ಲದ ಶಕ್ತಿಯನ್ನು ಕೊಟ್ಟಿದ್ದಾರೆ. ಶೇಕ್ಸ್‌ಪಿಯರನ ಒಫೀಲಿಯಾ ಬುದ್ಧಿಭ್ರಮಣೆಗೊಂಡು ನೀರುಪಾಲಾಗುತ್ತಾಳೆ. ಅವಳ ಸಾವು ಗಂಡಸರ ಕಲಹಕ್ಕೆ ಇನ್ನೊಂದು ಕಾರಣವಾಗುವುದಷ್ಟೆ. ಅವಳ ಸ್ಥಾನದಲ್ಲಿರುವ ರುದ್ರಾಂಬೆಗಾದರೋ ಉನ್ಮಾದವೇ ಸಂಕಲ್ಪವಾಗುತ್ತದೆ. ಸೇಡನ್ನು ತನ್ನದಾಗಿಸಿಕೊಂಡು ಅವಳು ರಕ್ತಾಕ್ಷಿಯಾಗುತ್ತಾಳೆ. ನಾಟಕದ ಹೆಸರು ರಾಜಕುಮಾರನದಲ್ಲ, ಅವಳದು. ಹೀಗೆ ವಿಳಂಬಿಸುವ ನಾಯಕನಿಂದ ಸೇಡಿನ ಹೊರೆ ಪಕ್ಕದಲ್ಲಿ ನಿಂತಿದ್ದವಳ ಹೆಗಲಿಗೆ ಜಾರಿತು. ‘ರಕ್ತಾಕ್ಷಿ’ಯನ್ನು ಕೇವಲ ಅನುವಾದವೆಂದೋ ಅನುಕರಣೆಯೆಂದೋ ಕರೆಯಲಾಗದಿರುವುದಕ್ಕೆ ಇದೊಂದೇ ಕಾರಣ ಸಾಕು.

ಪ್ರೇತದ ಪ್ರಶ್ನೆ ಬೇರೆ. ಹ್ಯಾಮ್ಲೆಟ್ ತನ್ನ ತಂದೆಯ ಪ್ರೇತವನ್ನು ಪೂರ್ತಿ ನಂಬಲಾರ. ಅದು ಸೈತಾನನ ವೇಷವಿರಬಹುದೆಂದು ಶಂಕಿಸಿ, ನಾಟಕದೊಳಗೊಂದು ನಾಟಕವಾಡಿಸಿ ಪರೀಕ್ಷಿಸುತ್ತಾನೆ. ಕೆಳದಿಯ ಅಧೀನದಲ್ಲಿದ್ದ ತುಳುನಾಡಿನ ಕೇಳುಗರಿಗೆ ಈ ಶಂಕೆ ತುಸು ಅಪರಿಚಿತವೇ. ಪಾಡ್ದನದ ಕೋಟಿ-ಚೆನ್ನಯರು ಬುದ್ಯಂತನನ್ನು ಕೊಂದು, ಮುಂದೆ ಕಾಳಗದಲ್ಲಿ ಮಡಿದು, ಗರಡಿಗಳಲ್ಲಿ ಆರಾಧ್ಯರಾದರು. ಗತಿಸಿದವರು ದೈವವಾಗಿ ನೇಮದಲ್ಲಿ ಬಂದು ನುಡಿಕೊಡುವುದು, ವ್ಯಾಜ್ಯಗಳನ್ನು ತೀರ್ಮಾನಿಸುವುದು ಅಲ್ಲಿನ ರೂಢಿ. ಸತ್ತವನ ಮಾತು ಪರೀಕ್ಷಿಸಬೇಕಾದ ಸಾಕ್ಷ್ಯವಲ್ಲ, ತೀರ್ಪು. ಇಂತಹ ಲೋಕದಲ್ಲಿ ರಾಜಕುಮಾರನ ಹಿಂಜರಿಕೆಗೆ ಬೇರೆಯೇ ಕಾರಣ ಹುಡುಕಬೇಕಾಗುತ್ತದೆ.

ಈ ಕರಾವಳಿ ಜೇಮ್ಸನ ಕಾಲದ ಮತ್ತೊಂದು ದುರಂತನಾಟಕಕ್ಕೆ ಭಿನ್ನ ಬಗೆಯಲ್ಲಿ ಒದಗಿತು. ಬಂಟ್ವಾಳ ಸೀಮೆಯ ಮಂಚಿಯವರಾದ ಬಿ.ವಿ. ಕಾರಂತರು 1979ರಲ್ಲಿ ‘ಮ್ಯಾಕ್‌ಬೆತ್’ ನಾಟಕವನ್ನು ‘ಬರ್ನಂ ವನ’ ಎಂಬ ಹೆಸರಿನಿಂದ ಹಿಂದಿಯಲ್ಲಿ ರಂಗಕ್ಕೆ ತಂದಾಗ ಯಕ್ಷಗಾನದ ಗತಿ ಮತ್ತು ಕುಣಿತಗಳನ್ನು ಬಳಸಿಕೊಂಡರು. ಅಲ್ಲಿ ಎರವಲು ಪಡೆದದ್ದು ರೂಪ. ಕಥೆ ಸ್ಕಾಟ್‌ಲೆಂಡಿನದಾಗಿಯೇ ಉಳಿಯಿತು. ‘ರಕ್ತಾಕ್ಷಿ’ಯಲ್ಲಿ ಕಥೆಯೇ ಊರು ಬದಲಾಯಿಸಿತು, ಮತ್ತು ಆ ಊರಿನ ಇತ್ಯರ್ಥವಾಗದ ಮೊಕದ್ದಮೆಯೊಂದನ್ನು ತನ್ನೊಡನೆ ಹೊತ್ತುಕೊಂಡಿತು.